ಗೋಧಿ ಒಲ್ಲದ ಮೈ

ದೇಹೂ ರೋಡ್, ಪುಣೆ
೨೬ ಆಗಸ್ಟ್ ೨೦೦೪

ಪ್ರೀತಿಯ ಪಾರಕ್ಕನಿಗೆ,

ಶೈಲಾಳ ನಮಸ್ಕಾರ. ನಿನ್ನ ಎರಡೂ ಪತ್ರ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಏನೋ ನೆಪ ಮಾಡಿ ಎದ್ದುಬಿಡುತ್ತಿದ್ದೆ, ಸಿಟ್ಟಾಗಬೇಡ. ಫೋನ್ ಮಾಡೋಣವೆಂದರೆ ಅಲ್ಲಿ ಅಣ್ಣನ ಮನೆಯಲ್ಲಿ ಅದು ನಡುಮನೆಯಲ್ಲೇ ಇದೆ. ಎಲ್ಲರೆದುರು ಇದನ್ನೆಲ್ಲ ಹೇಗೆ ಹೇಳಲಿ?

ನನ್ನ ಹೊಟ್ಟೆಯ ಕಾಯಿಲೆಗೆ ಕೊನೆಗೂ ಹೆಸರು ಸಿಕ್ಕಿದೆ. ಇಷ್ಟು ವರ್ಷ ಒಬ್ಬರು ಆಮಶಂಕೆ ಎಂದರು, ಇನ್ನೊಬ್ಬರು ಬರೀ ಚಿಂತೆ ಎಂದರು, ರಕ್ತ ಕಡಿಮೆ ಎಂದು ಕಬ್ಬಿಣದ ಗುಳಿಗೆ ನುಂಗಿಸಿದರು. ಬೇಸಿಗೆಯಲ್ಲಿ ಮೆಟ್ಟಿಲ ಮೇಲೆ ಕುಸಿದುಬಿದ್ದೆ. ಆಗ ಇವರು ಹಠ ಹಿಡಿದು ಪುಣೆ ಕ್ಯಾಂಪಿನ ಡಾಕ್ಟರ್ ಇಂದೂ ಅವರ ಹತ್ತಿರ ಕರೆದೊಯ್ದರು. ರಕ್ತ ನೋಡಿದರು. ಆಮೇಲೆ ಬಾಯಿಯಿಂದ ಕೊಳವೆ ಇಳಿಸಿ ಕರುಳಿನ ಚೂರು ತೆಗೆದರು. ನಾನು ಒಳಗೆ ಓಕರಿಸುವ ಸದ್ದಿಗೆ ಇವರು ಹೊರಗೆ ಬೆವೆತುಹೋಗಿದ್ದರು.

ಸಿಲಿಯಾಕ್ ಅಂತೆ. ಗೋಧಿಯ ಜಿಗುಟು ನನ್ನ ಕರುಳನ್ನು ಸವೆಸಿಬಿಟ್ಟಿದೆ, ಉಂಡದ್ದು ಮೈಗೆ ಹತ್ತುವುದಿಲ್ಲ. ಔಷಧವಿಲ್ಲ, ಜೀವ ಇರುವವರೆಗೆ ಗೋಧಿ ಬಿಡಬೇಕು ಎಂದರು.

“ಅಷ್ಟ ಏನ್ರಿ? ನಾವು ಜೋಳದ ರೊಟ್ಟಿ ತಿನ್ನೋ ಮಂದಿ!” ಎಂದು ಇವರು ನಕ್ಕರು.

ಅಷ್ಟೇ ಅಲ್ಲ ಅಕ್ಕಾ. ನಮ್ಮ ಜೋಳ ಬೀಸುವ ಗಿರಣಿಯಲ್ಲಿ ಮೊದಲು ಬೇರೆಯವರ ಗೋಧಿ ಬೀಸಿರುತ್ತಾರೆ. ಇಂಗಿನಲ್ಲೂ ಗೋಧಿಹಿಟ್ಟು! ಈಗ ಬೀಸುವ ಕಲ್ಲು ತರಿಸಿದ್ದೇನೆ. ನನ್ನ ರೊಟ್ಟಿ ಹಂಚು ಬೇರೆ, ಹಿಟ್ಟು ನಾದುವ ಪರಾತ ಬೇರೆ. ಆದರೂ ಕೂತಲ್ಲಿ ಕೂರಲಾರೆ. ತೊಳೆದ ತಾಟನ್ನೇ ಮತ್ತೆ ತೊಳೆಯುತ್ತೇನೆ, ಡಬ್ಬಿ ತೆರೆದು ಮೂಸುತ್ತೇನೆ. ರೇಣು ಬಿಸ್ಕೀಟು ತಿಂದ ಕೈಯಲ್ಲಿ ತಬ್ಬಿಕೊಂಡರೆ ಹಿಂದೆ ಸರಿಯುತ್ತೇನೆ. ಮಗಳ ಮುಖ ಸಣ್ಣಗಾಗುತ್ತದೆ. ಅವಳ ರಕ್ತವನ್ನೂ ನೋಡಿಸಿದೆವು, ಸದ್ಯಕ್ಕೆ ಏನೂ ಇಲ್ಲ.

ಶ್ರಾವಣ ಸೋಮವಾರ ಅತ್ತೆ ಗೋಧಿ ರವೆಯ ಸಜ್ಜಕ ಮಾಡಿ ಮುಂದೆ ಹಿಡಿದರು. “ದೇವರ ಪ್ರಸಾದನೂ ಒಲ್ಲೆ ಅಂತೀಯೇನು? ಒಂದ್ ತುತ್ತಿಗೆ ಏನ್ ಆಗ್ತದ?”

ತಿಂದೆ. ಸಂಜೆಯೊಳಗೆ ಹಾಸಿಗೆ ಹಿಡಿದೆ. ಅತ್ತೆ ನನ್ನ ಬೆನ್ನು ನೀವುತ್ತ ಅತ್ತುಬಿಟ್ಟರು. “ನನಗ ತಿಳೀಲಿಲ್ಲ ನನ್ನವ್ವ. ಇನ್ನ ಮ್ಯಾಲ ಅಕ್ಕೀದು ಮಾಡ್ತೀನಿ. ದೇವರು ಅದನ್ನೂ ಉಣ್ತಾನ” ಎಂದರು. ಈಗ ಮನೆಗೆ ಬಂದವರನ್ನೆಲ್ಲ ಮೊದಲು ಕೈ ತೊಳೆಯಲು ಕಳಿಸುವವರು ಅವರೇ.

ಮೊಣಕೈವರೆಗೆ ಜಾರುತ್ತಿದ್ದ ನನ್ನ ಬಳೆಗಳು ಮುಂಗೈಯಲ್ಲಿ ನಿಲ್ಲತೊಡಗಿವೆ. ನೋಡಿದರೆ ನೀನು ಖುಷಿಪಡುತ್ತಿದ್ದೆ.

ಅಣ್ಣ, ವೈನಿಗೆ ನಮಸ್ಕಾರ, ಅವರ ಮಕ್ಕಳಿಗೆ ಮುದ್ದು. ನಿನ್ನ ಆಶೀರ್ವಾದ ನಮ್ಮ ಮೇಲಿರಲಿ.

ನಿನ್ನ ತಂಗಿ,
ಶೈಲಾ

ತಾ.ಕ.: ಹೇಳಬೇಕಾದದ್ದನ್ನು ಇನ್ನೂ ಬರೆದಿಲ್ಲ. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯೇ ಎಂದು ಡಾಕ್ಟರ್ ಕೇಳಿದರು. ನಿನ್ನ ಹೊಟ್ಟೆನೋವು, ಬಿಳಿಚಿದ ಮುಖ, ನಿಲ್ಲದೆ ಹೋದ ಬಸಿರುಗಳು, ಎಲ್ಲ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿದರು. ಇದು ಒಡಹುಟ್ಟಿದವರಿಗೂ ಇರಬಹುದು, ಕೆಲವರಲ್ಲಿ ಇದರಿಂದಲೇ ಗರ್ಭ ನಿಲ್ಲುವುದಿಲ್ಲ, ನೋಡದೆ ಹೇಳಲಾರೆ ಎಂದರು. ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಬಸಿರಾದಾಗಲೆಲ್ಲ ನಿನಗೆ ಶಕ್ತಿ ಬರಲಿ ಎಂದು ಅವ್ವ ಗೋಧಿ ಹುಗ್ಗಿ ಮಾಡಿ ಉಣಿಸುತ್ತಿದ್ದಳಲ್ಲ! ಭಾವ ನಿನ್ನನ್ನು ತವರಿಗೆ ಬಿಟ್ಟು ಬೇರೆ ಮದುವೆಯಾದಾಗ, ನಿನ್ನ ಹೊಟ್ಟೆಯೇ ಸರಿಯಿಲ್ಲ ಎಂದವರೆದುರು ನಮಗ್ಯಾರಿಗೂ ಏನೂ ಹೇಳಲಾಗಲಿಲ್ಲ.

ಹೌದೋ ಅಲ್ಲವೋ, ಪರೀಕ್ಷೆ ಮಾಡಿಸೋಣ. ಬರುವ ವಾರ ನಾನೇ ಬಂದು ಕರೆದುಕೊಂಡು ಬರುತ್ತೇನೆ. ಮುಂಚೆಯೇ ಗೋಧಿ ಬಿಟ್ಟರೆ ರಕ್ತದಲ್ಲಿ ತಿಳಿಯುವುದಿಲ್ಲವಂತೆ. ಅದಕ್ಕೇ, ಇದನ್ನು ಓದಿದ ಮೇಲೂ, ಗಂಟಲಲ್ಲಿ ಇಳಿಯದಿದ್ದರೂ, ನಾನು ಬರುವವರೆಗೆ ದಿನಾ ಚಪಾತಿ ತಿನ್ನು ಅಕ್ಕಾ.