ಬೋಳು ಮಾವ ಹೋದ ಸುದ್ದಿ

ರಣಹದ್ದು ಸಾಕಣೆ ಕೇಂದ್ರದ ಮನೆ
ಜನವರಿ ೯, ಗುರುವಾರ

ನಮ್ಮ ಮನೆಯ ಯಜಮಾನರಿಗೆ, ಪ್ರೀತಿಯ ನಮಸ್ಕಾರ.

ಬೆನ್ನು ಹೇಗಿದೆ? ಆಪರೇಷನ್ ಆದ ಮೇಲೆ ಕೂತು ಊಟ ಮಾಡುತ್ತಿದ್ದೀರಂತೆ, ನರ್ಸಮ್ಮ ಫೋನಿನಲ್ಲಿ ಹೇಳಿದರು. ಮಂಚದಿಂದ ಇಳಿಯಬೇಡಿ ಎಂದರೆ ಇಳಿಯಬೇಡಿ. ದಿನವೂ ಹದ್ದುಗಳಿಗೆ ಹೇಳುವ ಬುದ್ಧಿಮಾತನ್ನು ನೀವೂ ಸ್ವಲ್ಪ ಕೇಳಿ.

ಸುದ್ದಿ ಒಳ್ಳೆಯದಲ್ಲ. ಫೋನಿನಲ್ಲಿ ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀವು ಬೋಳು ಮಾವ ಎಂದು ಕರೆಯುತ್ತಿದ್ದ ಆ ಗಂಡು ಹದ್ದು ಹೋದ. ಎರಡು ಮೂರು ದಿನ ಕತ್ತು ಜೋಲು ಹಾಕಿಕೊಂಡು ಕೊಂಬೆಯ ಮೇಲೆ ಕೂತಿದ್ದ, ಆಮೇಲೆ ಕೆಳಗೆ ಬಿದ್ದಿದ್ದ. ಡಾಕ್ಟರು ಕೊಯ್ದು ನೋಡಿದರೆ ಒಳಗೆಲ್ಲ ಸುಣ್ಣ ಬಳಿದ ಹಾಗೆ ಬಿಳಿ. ಅದೇ ನೋವಿನ ಔಷಧಿ, ಮೇಕೆಗೆ ಮದ್ದು, ಹದ್ದಿಗೆ ವಿಷ. ತಂದ ಮೇಕೆಗಳ ಮೈಯಿಂದ ಅದೆಲ್ಲ ಇಳಿಯಲಿ ಎಂದು ತಾನೇ ನಾವು ಕೊಟ್ಟಿಗೆಯಲ್ಲಿ ಕೆಲವು ದಿನ ಇಟ್ಟು ಆಮೇಲೆ ಹದ್ದಿಗೆ ಹಾಕುವುದು? ಹಾಗೆ ಇಟ್ಟಿದ್ದ ಒಂದು ಮೇಕೆ ಕುಂಟುತ್ತಾ ಅರಚುತ್ತಿತ್ತು. ಸಾಯುವುದಂತೂ ಇದ್ದೇ ಇದೆ, ಇರುವಷ್ಟು ದಿನ ನೋವಿಲ್ಲದೆ ಇರಲಿ ಎಂದು ಒಬ್ಬರು ಸೂಜಿ ಚುಚ್ಚಿಬಿಟ್ಟರು. ಯಾರೆಂದು ಈಗ ಕೇಳಬೇಡಿ. ಅದರ ಸರದಿಗೆ ಇನ್ನೂ ದಿನವಿದೆ, ಅಷ್ಟರಲ್ಲಿ ಇಳಿದುಹೋಗುತ್ತದೆ ಎಂದುಕೊಂಡರಂತೆ. ಕೆಲಸದವರು ಕುಂಟುವುದನ್ನೇ ಮೊದಲು ಹಿಡಿದು ಕಡಿದು ಮಾವನಿಗೆ ಹಾಕಿಬಿಟ್ಟರು.

ಮಾವನ ಹೆಂಡತಿ ಮೊಟ್ಟೆಯ ಮೇಲಿದ್ದಳು, ತಿನ್ನಲಿಲ್ಲ, ಉಳಿದುಕೊಂಡಳು. ಈಗ ಕಾವು ಕೂರಲು ಸರದಿ ಬಿಡಿಸುವವನಿಲ್ಲ, ಅವಳು ಎದ್ದೇ ಇಲ್ಲ. ಪಕ್ಕದಲ್ಲೇ ಮಾಂಸ ಇಟ್ಟರೂ ತಿರುಗಿ ನೋಡುವುದಿಲ್ಲ. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಜೀವ. ನಾಳೆ ಅದನ್ನು ಕಾವುಪೆಟ್ಟಿಗೆಗೆ ಒಯ್ಯುತ್ತಾರಂತೆ. ಅವಳ ಹೊಟ್ಟೆಯಡಿಯಿಂದ ತೆಗೆಯುವುದನ್ನು ನಾನು ನೋಡಲಾರೆ. ಹದ್ದಿಗೆ ಅಳುವ ಹೆಂಗಸು ಎಂದು ನೀವು ನಗುತ್ತಿದ್ದಿರಿ, ಈಗಲೂ ನಗಿ, ನಾನಂತೂ ಅತ್ತುಬಿಟ್ಟೆ.

ಮನೆಯ ಕಡೆ ಚಿಂತೆ ಬೇಡ. ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿ, ನೆಟ್ಟಗೆ ನಡೆದುಕೊಂಡು ಬನ್ನಿ.

ನಿಮ್ಮ
ಬಾಯಿಬಡುಕಿ

ಮರೆತ ಮಾತು: ಮರೆತದ್ದೇನಲ್ಲ, ಬರೆಯಲು ಕೈ ಬರಲಿಲ್ಲ. ಲಕೋಟೆ ಅಂಟಿಸುವಾಗ ನಿಮ್ಮ ತಮ್ಮ ಬಂದು, "ಯಾರು ಅಂತ ಬರೆದ್ರಾ ಅತ್ತಿಗೆ?" ಎಂದ. ಇಲ್ಲ ಎಂದೆ. "ಬರೀರಿ. ಅಣ್ಣನ ಮುಖ ನೋಡಿ ಹೇಳೋಕೆ ನನ್ನ ಕೈಲಾಗಲ್ಲ" ಎಂದ. ಸೂಜಿ ಚುಚ್ಚಿದ್ದು ಅವನೇ. ಬಟ್ಟೆ ಗಂಟು ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದಾನೆ, ಅಣ್ಣನ ಉತ್ತರ ಬರುವವರೆಗಾದರೂ ನಿಲ್ಲು ಎಂದು ಆಣೆ ಮಾಡಿಸಿದ್ದೇನೆ. ಎಷ್ಟು ಬೇಕಾದರೂ ಬೈದು ಬರೆಯಿರಿ, ಹೋಗು ಎಂದು ಮಾತ್ರ ಬರೆಯಬೇಡಿ.