ಲಿಬರ್ಟಿಯ ಕೆನ್ನೆಯ ಗೀರು

ಮಾರ್ಚ್ ೧೧, ಮಂಗಳವಾರ. ಬೆಳಿಗ್ಗೆ

"ನಾನು, ಕಾಮಾಕ್ಷಿ ಶಂಕರಪ್ಪ ಹೊಳಲ್ಕೆರೆ, ಈ ಕೌಂಟಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಬೋಧಿಸಿ ನಿವೃತ್ತಳಾದವಳು, ನಾಣ್ಯಕೂಟದ ಸಮಿತಿಯ ಗಮನಕ್ಕೆ ತರಬಯಸುವುದೇನೆಂದರೆ —"

ದೂರಿನ ಕರಡು ಇಷ್ಟಕ್ಕೇ ನಿಂತಿತು. ಮೊದಲು ಕನ್ನಡದಲ್ಲಿ ಕಟ್ಟಿ, ಅನಂತರ ಇಂಗ್ಲಿಷಿಗೆ ಇಳಿಸುವುದು ರೂಢಿ. ಚಿತ್ರದುರ್ಗದ ಶಾಲೆ ಹಾಕಿಕೊಟ್ಟ ದಾರಿ. ಆದರೆ 'ಮೂಗಿನ ಜಿಡ್ಡು' ಎಂಬುದನ್ನು ಯಾವ ಭಾಷೆಯಲ್ಲಿ ಗೌರವವಾಗಿ ಬರೆಯಲಿ?

ನಿನ್ನೆ ನಾಣ್ಯಕೂಟದ ಮಾಸಿಕ ಸಭೆ. ಎಂದಿನಂತೆ ಚರ್ಚಿನ ನೆಲಮಾಳಿಗೆ, ಎಂದಿನಂತೆ ಚೀಸ್ ಸ್ಯಾಂಡ್‌ವಿಚ್. ನಡೀನ್ ಸ್ಯಾಟರ್‌ಫೀಲ್ಡ್ ತೀರಿಕೊಂಡ ತನ್ನ ಗಂಡ ಹಾರ್ಲನ್ ಬಿಟ್ಟುಹೋದ ಐದು ಡಾಲರಿನ ಚಿನ್ನದ ನಾಣ್ಯ ತಂದಿದ್ದಳು. ೧೮೫೫ರದು, ನಮ್ಮದೇ ಡಲಾನೆಗಾ ಟಂಕಸಾಲೆಯದು. ಒಂದು ಬದಿಗೆ ಲಿಬರ್ಟಿ ದೇವಿಯ ಮುಖ, ಇನ್ನೊಂದು ಬದಿಯಲ್ಲಿ ಹದ್ದಿನ ಕೆಳಗೆ ಟಂಕಸಾಲೆಯ ಗುರುತು, ಪುಟ್ಟ 'ಡಿ'. ಮಾರಬೇಕಂತೆ. ಅಧ್ಯಕ್ಷ ವೆಂಡೆಲ್ ಪಕೆಟ್ ಎಂದಿನ ಕಮಿಷನ್ನಿಗೆ, ತಾನೇ ಅದನ್ನು ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ಕಂಪನಿಗೆ ಕಳಿಸುವುದಾಗಿ ಒಪ್ಪಿಕೊಂಡ.

ಚಹಾ ತುಂಬಿಸಿಕೊಳ್ಳಲು ಹೋದೆ. ಪಕೆಟ್ ನಾಣ್ಯ ಹಿಡಿದು ಗೋಡೆಗೆ ಮುಖ ಮಾಡಿ ನಿಂತಿದ್ದ, ಪಕ್ಕದಿಂದ ಕಂಡೆ. ಹೆಬ್ಬೆರಳನ್ನು ಮೂಗಿನ ಮಗ್ಗುಲಿಗೆ ಒತ್ತಿ ಎಳೆದ. ಅದೇ ಬೆರಳನ್ನು ಲಿಬರ್ಟಿಯ ಕೆನ್ನೆಯ ಮೇಲೆ ಸವರಿದ. ನಿಧಾನವಾಗಿ, ಮಗುವಿಗೆ ಎಣ್ಣೆ ಹಚ್ಚುವವನಂತೆ. ಆ ಕೆನ್ನೆಯಲ್ಲಿ ಒಂದು ಗೀರಿದೆ. ಜಿಡ್ಡು ಗೀರಿನಲ್ಲಿ ಕೂತರೆ ಬೆಳಕು ಜಾರುತ್ತದೆ, ಪರೀಕ್ಷಕನ ಕಣ್ಣೂ ಜಾರುತ್ತದೆ. ನಾವು ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯುವವರು. ಹೊಸಬನ ಬೆರಳು ಮುಖಕ್ಕೆ ತಾಗಿದರೆ ಇದೇ ಪಕೆಟ್ ಗದರುತ್ತಾನೆ.

"ಧೂಳಿತ್ತು ಮಿಸ್ ಕಾಮಾಕ್ಷಿ, ಒರೆಸ್ದೆ" ಎಂದ. ಅದೇ ಕೈಯಿಂದ ನನಗೆ ಬಿಸ್ಕತ್ತಿನ ತಟ್ಟೆ ಚಾಚಿದ.

ತೆಗೆದುಕೊಳ್ಳಲಿಲ್ಲ.

ಮಾರ್ಚ್ ೧೨

ನಡೀನಳಿಗೆ ಫೋನು ಮಾಡಿ ಕಂಡದ್ದನ್ನು ಕಂಡಂತೆ ಹೇಳಿದೆ. ಬಹಳ ಹೊತ್ತು ನಕ್ಕಳು.

"ಮೂಗಾ? ಅಯ್ಯೋ ನಿನ್ನ... ಹಾರ್ಲನ್ ಶವಪೆಟ್ಟಿಗೆಗೆ ಹೆಗಲು ಕೊಟ್ಟೋನು ಕಣೇ ವೆಂಡೆಲ್. ಮಂಡಿನೋವು ಇಟ್ಕೊಂಡು ಗುಡ್ಡ ಹತ್ತಿದ."

ಹೆಗಲು ಕೊಟ್ಟದ್ದು ನಿಜ. ಹೆಗಲು ಬೇರೆ, ಹೆಬ್ಬೆರಳು ಬೇರೆ ಎಂದೆ.

"ನೀನು ಇನ್ನೂ ಮಕ್ಕಳ ಪೇಪರ್ ತಿದ್ತಾ ಇದೀಯ. ಬಿಡು ತಾಯಿ." ಫೋನಿಟ್ಟಳು.

ಮೇ ೧೩, ಮಂಗಳವಾರ

ನಾಣ್ಯ ನಿನ್ನೆ ಪ್ಲಾಸ್ಟಿಕ್ ಗೂಡಿನೊಳಗೆ ಮುಚ್ಚಿಕೊಂಡು ಬಂತು. ಚಲಾವಣೆಯನ್ನೇ ಕಾಣದ ನಾಣ್ಯಕ್ಕೆ ಕೊಡುವ ದರ್ಜೆ — ಎಪ್ಪತ್ತಕ್ಕೆ ಅರವತ್ತೊಂದು. ಚಪ್ಪಾಳೆ. ನಡೀನ್ ಮಾಡಿ ತಂದ ಕೇಕು. ಭೂತಗನ್ನಡಿಯಲ್ಲಿ ನೋಡಿದೆ. ಗೀರಿಲ್ಲ. ಆ ಗೀರನ್ನು ಹಾರ್ಲನ್ನನ ನಾಣ್ಯದ ತಟ್ಟೆಯಲ್ಲಿ ಹದಿನೈದು ವರ್ಷ ನೋಡಿದ್ದೇನೆ. ಎಲ್ಲರೆದುರು ಕೇಳಿದೆ: ಗೀರು ಎಲ್ಲಿ?

ಎಲ್ಲರೂ ಕೇಕಿನ ಕಡೆ ತಿರುಗಿದರು. ಪ್ಲಾಸ್ಟಿಕ್ ಮುಚ್ಚಿದ ಮೇಲೆ ಇಲ್ಲಿ ಯಾರೂ ವಾದಿಸುವುದಿಲ್ಲ. ನಾಣ್ಯ ನೋಡುವುದನ್ನು ಬಿಟ್ಟು ಅಂಕಿ ಓದುತ್ತಾರೆ.

ಪಕೆಟ್ ಕೇಕು ಅಗಿಯುತ್ತಲೇ ಹೇಳಿದ: "ಟೀಚರಮ್ಮ ಸೇರಿಸಿಟ್ಟಿರೋ ಡಲಾನೆಗಾ ನಾಣ್ಯದ ಸಾಲಲ್ಲಿ ಒಂದೇ ಒಂದು ಗುಳಿ ಖಾಲಿ ಇದೆ, ಅಲ್ವಾ? ಐವತ್ತೈದರದ್ದು. ಇದಕ್ಕೆ ಕೆಟ್ಟ ಹೆಸರು ಬಂದ್ರೆ ಅಗ್ಗಕ್ಕೆ ಸಿಗುತ್ತಲ್ಲ. ಲೆಕ್ಕ ಚೆನ್ನಾಗಿದೆ ಬಿಡಿ."

ನಕ್ಕರು. ನಡೀನ್ ನಗಲಿಲ್ಲ, ನನ್ನನ್ನು ನೋಡಲೂ ಇಲ್ಲ.

ಗುಳಿ ಖಾಲಿ ಇರುವುದು ನಿಜ. ಮಾರುವ ದಿನ ಬಂದರೆ ಮೊದಲ ಮಾತು ನಿಮಗೇ ಎಂದು ಹಾರ್ಲನ್ ಹೇಳಿದ್ದೂ ನಿಜ. ನಿಜದ ಎಳೆ ಸೇರಿಸಿ ನೇಯ್ದ ಸುಳ್ಳು... ಇದಕ್ಕಿಂತ ಆ ಜಿಡ್ಡೇ ಶುಚಿ.

ಮೇ ೧೪

ಕರಡು ತೆಗೆದೆ. "ಸಮಿತಿಯ ಗಮನಕ್ಕೆ" — ಮುಂದೆ ಸಾಗಲಿಲ್ಲ. ಪ್ರತಿ ವಾಕ್ಯವೂ ಆ ನಾಣ್ಯಕ್ಕಾಗಿ ಕೈಯೊಡ್ಡಿದಂತೆ ಕೇಳಿಸುತ್ತದೆ.

ಆಗಸ್ಟ್ ೭, ಗುರುವಾರ

ಕೂಟಕ್ಕೆ ಹೋಗುವುದನ್ನೇ ಬಿಟ್ಟಿದ್ದೆ. ಇಂದು ನಡೀನ್ ತಾನಾಗಿ ಫೋನು ಮಾಡಿದಳು. ಧ್ವನಿ ಸಣ್ಣದಾಗಿತ್ತು.

"ಕಾಮಾಕ್ಷಿ, ಅವಳ ಮುಖಕ್ಕೆ ಚಿಬ್ಬು ಬಂದಂಗಿದೆ ಕಣೇ."

ಯಾರ ಮುಖಕ್ಕೆ?

"ಲಿಬರ್ಟಿದು. ಬಂದೋರಿಗೆ ತೋರ್ಸೋಕೆ ಕಿಟಕಿ ಹತ್ರ ಇಟ್ಟಿದ್ದೆ. ಕೆನ್ನೆ ಎಲ್ಲಾ ಬೆಳ್ಳಗೆ. ಪ್ಲಾಸ್ಟಿಕ್ ಒರೆಸಿದ್ರೆ ಹೋಗ್ತಿಲ್ಲ, ಒಳಗಡೆ ಇದೆ. ಶನಿವಾರ ಅಟ್ಲಾಂಟಾದಿಂದ ತಗೊಳ್ಳೋರು ಬರ್ತಾರೆ. ವೆಂಡೆಲ್ ಹೇಳ್ತಾನೆ, ದೀಪ ಕಮ್ಮಿ ಇಟ್ಟು ತೋರ್ಸು ಅಂತ."

ಫೋನಿಡುವ ಮೊದಲು — "ನಿನ್ನ ಆ ನಾಣ್ಯ ತೊಳೆಯೋ ಔಷಧಿ ತಗೊಂಡು ಬಾ."

ಆಗಸ್ಟ್ ೮

ಬೆಳಿಗ್ಗೆ ಅವಳ ಅಡಿಗೆಮನೆ. ಗೂಡು ಒಡೆದರೆ ಅರವತ್ತೊಂದು ಹೋಗುತ್ತದೆ, ಮತ್ತೆ ಬಾರದೆ ಇರಬಹುದು — ಸ್ಪಷ್ಟವಾಗಿ, ಎರಡು ಸಲ ಹೇಳಿದೆ. ಗೂಡನ್ನು ಟವೆಲಿನಲ್ಲಿ ಸುತ್ತಿ, ಹಾರ್ಲನ್ನನ ಸುತ್ತಿಗೆಯಿಂದ ಅಂಚಿಗೆ ತಾನೇ ಹೊಡೆದಳು. ನಾಣ್ಯವನ್ನು ಗಾಜಿನ ಬಟ್ಟಲಿನ ಅಸಿಟೋನಿಗೆ ಇಳಿಸಿದೆ. ಉಜ್ಜಬಾರದು, ಕಾಯಬೇಕು. ಅಸಿಟೋನ್ ಚಿನ್ನವನ್ನು ಮುಟ್ಟುವುದಿಲ್ಲ. ಕೊಳೆಯನ್ನಷ್ಟೇ ಕೇಳಿ ಪಡೆಯುತ್ತದೆ. ಕೆನ್ನೆಯಿಂದ ಮಸುಕು ಬಿಟ್ಟುಕೊಂಡಿತು. ಒಬ್ಬ ಮನುಷ್ಯನ ಮುಖದ ಕೊಬ್ಬು ಐದು ತಿಂಗಳು ಲಿಬರ್ಟಿಯ ಮುಖದ ಮೇಲಿತ್ತು. ಕಿಟಕಿ ತೆರೆಸಿದೆ.

ಗೀರು ಕಾಣಿಸಿತು. ನಡೀನ್ ಬಗ್ಗಿ ನೋಡಿದಳು.

"ಇದು ಹಾರ್ಲನ್ನೇ ಮಾಡಿದ್ದು. ಮದುವೆ ಉಂಗುರ ತಾಗಿಸ್ಕೊಂಡು. ಒಂದು ವಾರ ಯಾರ ಹತ್ರಾನೂ ಮಾತಾಡ್ಲಿಲ್ಲ, ಮುಠ್ಠಾಳ." ಕುರ್ಚಿ ಎಳೆದು ಕೂತಳು. "ಅವತ್ತು ನೀನು ಹೇಳ್ದಾಗ ನಂಬಿದ್ದೆ ಕಣೇ. ಆದ್ರೆ ಅಂಕಿ ಬರ್ಲಿ ಅಂತ ಸುಮ್ನಿದ್ದೆ."

ಮತ್ತೆ ಹೇಳಿದಳು: "ನೀನೇ ತಗೋ. ನೀನು ಹೇಳಿದ ಬೆಲೆ. ಹಾರ್ಲನ್ ಮಾತು ಕೊಟ್ಟಿದ್ದ."

ಬೆರಳಲ್ಲಿ ನಾಣ್ಯದ ಅಂಚು ಹಿಡಿದು ನಿಂತಿದ್ದೆ. ಸೋಮವಾರ ಹೇಳುತ್ತೇನೆ ಎಂದೆ. ಮನೆಗೆ ಬಂದು ನನ್ನ ಸಾಲು ತೆರೆದು ನೋಡಿದೆ. ನೋಡಬಾರದಿತ್ತು.

ಆಗಸ್ಟ್ ೯, ಶನಿವಾರ

ಅಟ್ಲಾಂಟಾದವರಿಗೆ ನಡೀನ್ ಬಾಗಿಲಲ್ಲೇ ನಿಜ ಹೇಳಿ ಕಳಿಸಿದಳಂತೆ. ಮಧ್ಯಾಹ್ನ ಪಕೆಟ್ ಫೋನು. ಸಿಟ್ಟಿರಲಿಲ್ಲ, ಬೆಣ್ಣೆಯಂತಿದ್ದ.

"ನಡೀನ್ ಹೇಳಿದ್ಲು, ಕೊನೆಗೂ ಗೆದ್ರಿ. ಸಂತೋಷ. ತಗೊಳ್ಳಿ ಮಿಸ್ ಕಾಮಾಕ್ಷಿ, ಗುಳಿ ತುಂಬ್ಲಿ. ನಡೀನ್‌ಗೂ ದುಡ್ಡು ಬರುತ್ತೆ, ನಿಮಗೂ ನಿದ್ದೆ ಬರುತ್ತೆ. ಎಲ್ಲಾ ಇಲ್ಲಿಗೇ ಮುಗೀತು. ಮುಂದಿನ ತಿಂಗಳು ಹಾಲ್‌ಕಂಬ್ ಹೆಂಡತಿ, ಕೂಟದಲ್ಲಿದ್ದ ಗಂಡ ಹೋದ್ಮೇಲೆ, ಅವನ ನಾಣ್ಯದ ತಟ್ಟೆ ತರ್ತಾಳಂತೆ, ಪಾಪ, ಅವಳಿಗೂ ಏನೂ ಗೊತ್ತಾಗಲ್ಲ. ಅದನ್ನೂ ನಾನೇ ನೋಡ್ಕೋಬೇಕು."

ನಾನು ಕೊಂಡ ದಿನ ನನ್ನ ದೂರು ಸಾಯುತ್ತದೆ. ಅವನಿಗೆ ಗೊತ್ತು. ನನ್ನ ಆಸೆಯನ್ನೂ ಅದೇ ಹೆಬ್ಬೆರಳಿನಿಂದ ಸವರಿ ನೋಡಿದ್ದಾನೆ.

ಆಗಸ್ಟ್ ೧೦, ಭಾನುವಾರ

ನಡೀನಳಿಗೆ ಇಲ್ಲವೆಂದೆ. "ಹುಚ್ಚಿ ನೀನು" ಎಂದಳು. ದೂರಿಗೆ ಬೇಕಾದ ಹೇಳಿಕೆಯನ್ನು ಮಾತ್ರ ತಕ್ಷಣ ಕೈಯಾರೆ ಬರೆದು ಸಹಿ ಹಾಕಿಕೊಟ್ಟಳು.

ಕರಡು ಮುಗಿಯಿತು. ಎರಡೂವರೆ ಪುಟ. ವಿಶೇಷಣಗಳನ್ನು ಹೊಡೆದುಹಾಕಿದೆ, 'ಹೇಸಿಗೆಯ' ಎಂಬ ಒಂದನ್ನು ಉಳಿಸಿದೆ.

ಲಗತ್ತುಗಳು:

೧. ನಾಣ್ಯದ ಛಾಯಾಚಿತ್ರ, ಹಾರ್ಲನ್ ತೆಗೆದದ್ದು. ಗೀರು ಸ್ಪಷ್ಟ.

೨. ಮಸುಕು ಕವಿದ ಕೆನ್ನೆಯ ಛಾಯಾಚಿತ್ರ, ಗೂಡು ಒಡೆಯುವ ಮೊದಲು.

೩. ಶ್ರೀಮತಿ ನಡೀನ್ ಸ್ಯಾಟರ್‌ಫೀಲ್ಡ್ ಅವರ ಹೇಳಿಕೆ, ಸ್ವಹಸ್ತಾಕ್ಷರದಲ್ಲಿ.

೪. ಸದರಿ ನಾಣ್ಯವನ್ನು ನಾನಾಗಲಿ, ನನ್ನ ಪರವಾಗಿ ಬೇರೆ ಯಾರಾಗಲಿ, ಎಂದಿಗೂ, ಯಾವ ಬೆಲೆಗೂ ಕೊಳ್ಳುವುದಿಲ್ಲ ಎಂಬ ನನ್ನ ಪ್ರಮಾಣಪತ್ರ. ನೋಟರಿ ಮುದ್ರೆ ಆಗಬೇಕಿದೆ. ನೋಟರಿ ಕೂರುವ ಬ್ಯಾಂಕು ನಾಳೆ ತೆರೆದೊಡನೆ, ಮನಸ್ಸು ಬದಲಾಗುವ ಮೊದಲು —