ಮೂರು ಗ್ರೀಕ್ ಶಬ್ದ, ಒಂದು ಉದಾಹರಣಿ

ಗಂಗಕ್ಕಾ,

ಈ ಪತ್ರ ನಿನ್ನ ಕೈಗೆ ಕೊಡೂದಿಲ್ಲ. ಆದ್ರೂ ನಿನಗೇ ಬರಿಯಾಕತ್ತೀನಿ.

ಇವತ್ತು ಇಂಗ್ಲಿಷ್ ಕ್ಲಾಸಿನಾಗ ಮೇಡಂ ಮೂರು ಗ್ರೀಕ್ ಶಬ್ದ ಬರದ್ರು. ಐಡೋಸ್ ಅಂದ್ರ ತಪ್ಪು ಮಾಡೂಕಿಂತ ಮೊದಲ ನಮ್ಮನ್ನ ತಡಿಯೋ ನಾಚಿಕಿ. ಇಂಗ್ಲಿಷ್‌ನಾಗ ಮಾಡೆಸ್ಟಿ ಅಂತಾರಂತ. ಐಸ್ಕುನೆ ಅಂದ್ರ ಮಾಡಿದ ಮ್ಯಾಲೆ ಸುಡೋದು, ಶೇಮ್. ಅಟಿಮಿಯಾ ಅಂದ್ರ ಊರವ್ರು ಒಬ್ಬರ ಮಾನ ಕಸಗೊಂಡು ಹೊರಗಿಡೂದು, ಡಿಸ್‌ಆನರ್.

"ಕೊನೇದಕ್ಕ ಎಕ್ಸಾಂಪಲ್ ಯಾರು ಕೊಡ್ತೀರಿ?" ಅಂದ್ರು.

ಒಂದು ದಿನಾನೂ ಬಾಯಿ ಬಿಡದ ನಾನು ಎದ್ದು ನಿಂತೆ.

"ನಮ್ಮ ಮಸ್ಕಿ ಕಡೆ ಒಬ್ಬಾಕಿ ಅದಾಳ್ರಿ ಮ್ಯಾಮ್. ಗಂಡ ಹೊಡಿತಾನಂತ ಗಂಡನೂರು ತುರ್ವಿಹಾಳದಿಂದ ಓಡಿ ಬಂದ್ರ ಅವರಪ್ಪ ಬಾಗಲಾ ತಗೀಲಿಲ್ಲ. ಈಗ ಸಿಂಧನೂರಾಗ ಸೀರಿ-ಅರಿವಿ ಅಂಗಡ್ಯಾಗ ದುಡಿತಾಳ. ಅಂಗಡಿ ಕೆಲಸಕ್ಕಂತ ಇಲ್ಲಿ ಲಿಂಗಸುಗೂರಿಗೆ ಬರೂವಾಗ ಬಸ್ ಮಸ್ಕಿಯಾಗ ನಿಂತ್ರ ಸೆರಗಿಲೆ ಮಾರಿ ಮುಚ್ಚಿಕೊಂತಾಳ."

ನಿನ್ನ ಹೆಸರು ಮಾತ್ರ ಹೇಳಲಿಲ್ಲ ಅಕ್ಕಾ.

ಮೇಡಂ "ಪರ್ಫೆಕ್ಟ್!" ಅಂದ್ರು. ಎಲ್ಲಾರೂ ಚಪ್ಪಾಳಿ ಹೊಡದ್ರು. ನನಗ ಖರೇನ ಖುಷಿ ಆತು.

ಆಮ್ಯಾಲೆ ರೂಂಮೇಟ್ ಅಶ್ವಿನಿ ಕೇಳಿದ್ಳು, "ಅಷ್ಟೆಲ್ಲ ನಿನಗ ಹ್ಯಾಂಗ ಗೊತ್ತಲೇ? ಆಕಿ ನಿನಗೇನಾಗಬೇಕು?"

"ಏನೂ ಆಗಬೇಕಿಲ್ಲ" ಅಂದೆ.

ಅಪ್ಪ ನಿನಗ ಮಾಡಿದ್ದು ಮೂರನೇದು, ಅದು ಕ್ಲಿಯರ್ ಐತಿ. ಆದ್ರ ಆ ಮಾತು ಆಡೂವಾಗ ನನ್ನ ಮೊದಲನೇದು, ಆ ತಡಿಯೋ ನಾಚಿಕಿ, ಎಲ್ಲಿ ಹೋಗಿತ್ತು? ಈಗ ಎದಿಯಾಗ ಆಗಾಕತ್ತಿದ್ದು ಎರಡನೇದೋ, ಸಿಕ್ಕಿಬೀಳ್ತೀನಂತ ಬರೀ ಅಂಜಿಕಿನೋ? ನೋಟ್ಸ್ ನಾಕು ಸಲ ಓದಿದೆ, ತಿಳಿವಲ್ದು.

ನಾಳೆ ನೀ ಮೊದಲ ಸಲ ಈ ಹಾಸ್ಟೆಲ್‌ಗೆ ಬರ್ತಿ. ಗೇಟಿನಾಗ ನನ್ನ ಜೋಡಿ ಅಶ್ವಿನಿನೂ ನಿಂತಿರ್ತಾಳ.